ಬಿಗಿ ಕಲ್ಲಿನ ಎಣ್ಣೆಬಾವಿಗೆ ಒತ್ತಡದ ಮಾದರಿ ಕಟ್ಟುವಾಗ

ರಾಜಸ್ಥಾನದ ಬಾರ್ಮೇರ್ ಹಿಲ್ ಪದರದಂಥ ಕಲ್ಲಿನಲ್ಲಿ ಎಣ್ಣೆ ತುಂಬಿರುತ್ತದೆ, ಹರಿದು ಬರಲು ದಾರಿ ಮಾತ್ರ ತೀರಾ ಕಿರಿದು. ಹಾಗಾಗಿ ಒತ್ತಡ ಎಷ್ಟು ನಿಧಾನವಾಗಿ ಹಬ್ಬುತ್ತದೆ ಎಂದು ಮೊದಲು ಕೈಲೆಕ್ಕ ಹಾಕಿಕೊಳ್ಳುತ್ತೇನೆ, ಸಿಮ್ಯುಲೇಟರ್ (ಹರಿವನ್ನು ಲೆಕ್ಕ ಹಾಕುವ ತಂತ್ರಾಂಶ) ತೆರೆಯುವುದು ಆಮೇಲೆ.

ಉದಾಹರಣೆಗೆ ಪೊರಾಸಿಟಿ (ಕಲ್ಲಿನೊಳಗಿನ ಖಾಲಿ ಜಾಗದ ಪಾಲು) 12%, ಎಣ್ಣೆಯ ಸ್ನಿಗ್ಧತೆ (ಮಂದತನ) 1 ಸೆಂಟಿಪಾಯ್ಸ್, ಒಟ್ಟು ಸಂಕೋಚ್ಯತೆ (ಒತ್ತಡಕ್ಕೆ ಕಲ್ಲು ಮತ್ತು ದ್ರವ ಕುಗ್ಗುವ ಪ್ರಮಾಣ) ಪ್ರತಿ ಪಿಎಸ್‌ಐಗೆ 0.000015 ಎಂದಿಟ್ಟುಕೊಳ್ಳಿ. ಪರ್ಮಿಯಬಿಲಿಟಿ (ಕಲ್ಲು ದ್ರವವನ್ನು ಹರಿಯಬಿಡುವ ಗುಣ, ಮಿಲಿಡಾರ್ಸಿ ಅದರ ಅಳತೆ) 100 ಮಿಲಿಡಾರ್ಸಿ ಇದ್ದರೆ ಒತ್ತಡದ ಬದಲಾವಣೆ 500 ಅಡಿ ತಲುಪಲು 4 ಗಂಟೆ ಚಿಲ್ಲರೆ ಸಾಕು. 0.1 ಮಿಲಿಡಾರ್ಸಿಗೆ ಸುಮಾರು ಆರು ತಿಂಗಳು ಬೇಕು! ಅಲ್ಲಿ ಬಾವಿಯನ್ನು ಮೂರು ದಿನ ಮುಚ್ಚಿ ಒತ್ತಡ ಏರುವುದನ್ನು ಅಳೆಯುವ ಬಿಲ್ಡ್-ಅಪ್ ಪರೀಕ್ಷೆ ಮಾಡಿದರೆ ಕಾಣುವುದು ಸುತ್ತಲಿನ 65 ಅಡಿ ಅಷ್ಟೇ. ಆ ದತ್ತಾಂಶದಿಂದ ನಿಕ್ಷೇಪದ ಗಡಿ ಹೇಳಹೊರಡಬಾರದು.

ಅದರಲ್ಲೂ ಮೊದಲ ಗಂಟೆಗಳನ್ನು ವೆಲ್‌ಬೋರ್ ಸ್ಟೋರೇಜ್, ಅಂದರೆ ಬಾವಿಯ ಕೊಳವೆಯಲ್ಲೇ ನಿಂತ ದ್ರವದ ಪರಿಣಾಮ, ನುಂಗುತ್ತದೆ. 2,500 ಮೀಟರ್ ಉದ್ದದ 2⅞ ಇಂಚಿನ ಟ್ಯೂಬಿಂಗ್‌ನಲ್ಲಿ ಸುಮಾರು 47 ಬ್ಯಾರೆಲ್ ದ್ರವ ಹಿಡಿಯುತ್ತದೆ. ಅದು ಪೂರ್ತಿ ತುಂಬಿದ್ದು, ಪದರದ ದಪ್ಪ 50 ಅಡಿ ಇದ್ದು, ಬಾವಿಯನ್ನು ಮೇಲಿನಿಂದ ಮುಚ್ಚಿದರೆ ಕಲ್ಲಿನ ನಿಜವಾದ ಸ್ವಭಾವ ಕಾಣಿಸಿಕೊಳ್ಳಲು 16 ಗಂಟೆ ಹಿಡಿಯುತ್ತದೆ. ದ್ರವದ ಮಟ್ಟ ಏರುತ್ತಿರುವ ಬಾವಿಯಾದರೆ 500 ಗಂಟೆಯೂ ದಾಟಬಹುದು. ಕವಾಟವನ್ನು ಕೆಳಗೇ ಕೂರಿಸಿ, ಅದರಡಿ 2 ಬ್ಯಾರೆಲ್ ಮಾತ್ರ ಉಳಿಯುವಂತೆ ಮಾಡಿದರೆ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಬಿಗಿ ಕಲ್ಲಿನಲ್ಲಿ ಈ ಖರ್ಚು ಉಳಿಸಲು ಹೋಗಬೇಡಿ.

ಮಾದರಿಯಲ್ಲಿ ಕಲ್ಲನ್ನು ಸಣ್ಣ ಬ್ಲಾಕುಗಳಾಗಿ ಕತ್ತರಿಸುವ ಗ್ರಿಡ್ ವಿಚಾರದಲ್ಲಿ ಬಹಳ ಮಂದಿ ಎಡವುವುದು ಒಂದೇ ಕಡೆ. ಬ್ಲಾಕಿನ ಒತ್ತಡವನ್ನು ಬಾವಿಯ ಒತ್ತಡಕ್ಕೆ ಜೋಡಿಸುವ ಪೀಸ್‌ಮನ್ ಸೂತ್ರ, ಬ್ಲಾಕಿನೊಳಗಿನ ಹರಿವು ಸ್ಥಿರವಾಗಿದೆ ಎಂದುಕೊಳ್ಳುತ್ತದೆ. ಮೇಲೆ ಹೇಳಿದ 0.1 ಮಿಲಿಡಾರ್ಸಿ ಕಲ್ಲಿಗೆ 50 ಮೀಟರ್ ಬ್ಲಾಕ್ ಇಟ್ಟರೆ ಅಂಚಿಗೆ ಒತ್ತಡ ಮುಟ್ಟಲೇ ಸುಮಾರು 115 ಗಂಟೆ ಬೇಕು. ಅಲ್ಲಿಯವರೆಗೆ ಮಾದರಿ ಕೊಡುವ ಬಾವಿಯ ಒತ್ತಡವನ್ನು ನಂಬುವಂತಿಲ್ಲ. ಅದನ್ನು ಅಳತೆಗೆ ಹೊಂದಿಸಲು ಸ್ಕಿನ್ (ಬಾವಿಗೆ ಅಂಟಿದ ಕಲ್ಲಿನ ಹೆಚ್ಚುವರಿ ಅಡ್ಡಿಯನ್ನು ಹೇಳುವ ಸಂಖ್ಯೆ) ತಿರುಚುವುದು ತಪ್ಪು ದಾರಿ. ಫ್ರ್ಯಾಕ್ ಮಾಡಿದ (ದ್ರವ ಒತ್ತಿ ಕಲ್ಲನ್ನು ಬಿರಿಸಿದ) ಬಾವಿಯಾದರೆ ಬಿರುಕಿನ ಪಕ್ಕದ ಬ್ಲಾಕನ್ನು ಕೆಲವೇ ಸೆಂಟಿಮೀಟರಿಗೆ ಇಳಿಸಿ, ದೂರ ಹೋದಂತೆ ಹಿಗ್ಗಿಸುತ್ತೇನೆ. ಕಾಲದ ಹೆಜ್ಜೆ 0.001 ಗಂಟೆಯಿಂದ ಶುರು, ಪ್ರತಿ ಸಲ 1.3 ಪಟ್ಟು.

ಬಾವಿ ಕೆಳಗಿನ ಒತ್ತಡ, ಎಣ್ಣೆಯಿಂದ ಗ್ಯಾಸ್ ಬಿಡುಗಡೆಯಾಗತೊಡಗುವ ಬಬಲ್ ಪಾಯಿಂಟ್‌ಗಿಂತ ಇಳಿಯಿತೋ, ಒಂದೇ ದ್ರವದ ಮಾದರಿ ಅಲ್ಲಿಗೆ ಮುಗಿಯಿತು. ಬಿಡುಗಡೆಯಾದ ಗ್ಯಾಸ್ ಎಣ್ಣೆಯ ದಾರಿಗೆ ಅಡ್ಡ ಬರುತ್ತದೆ, ಅದನ್ನು ಲೆಕ್ಕಕ್ಕೆ ಸೇರಿಸಲೇಬೇಕು.

ಫ್ರ್ಯಾಕ್ ಮಾಡಿದ ಬಾವಿಯಲ್ಲಿ ಲಾಗ್-ಲಾಗ್ ನಕ್ಷೆಯ (ಎರಡೂ ಅಕ್ಷ ಲಾಗರಿದಮ್‌ನಲ್ಲಿರುವ ಸಮಯ-ಒತ್ತಡದ ನಕ್ಷೆ) ಡೆರಿವೇಟಿವ್, ಅಂದರೆ ಒತ್ತಡ ಬದಲಾಗುವ ದರದ ಗೆರೆ, ಅರ್ಧ ಇಳಿಜಾರಿನಲ್ಲಿ ಏರಿದರೆ ಹರಿವು ಬಿರುಕಿಗೆ ನೇರವಾಗಿ ನುಗ್ಗುತ್ತಿದೆ ಎಂದರ್ಥ. ಆ ಗೆರೆಯಿಂದ ಸಿಗುವುದು ಬಿರುಕಿನ ಅರ್ಧ ಉದ್ದ (ಬಾವಿಯಿಂದ ಒಂದು ಬದಿಯ ತುದಿಯವರೆಗೆ) ಮತ್ತು ಪರ್ಮಿಯಬಿಲಿಟಿಯ ವರ್ಗಮೂಲ, ಇವೆರಡರ ಗುಣಲಬ್ಧ ಮಾತ್ರ. 0.1 ಮಿಲಿಡಾರ್ಸಿಗೆ 300 ಅಡಿ ಇಟ್ಟರೂ 0.025 ಮಿಲಿಡಾರ್ಸಿಗೆ 600 ಅಡಿ ಇಟ್ಟರೂ ಒಂದೇ ಗೆರೆ ಬರುತ್ತದೆ, ಹೊಂದಾಣಿಕೆ ಎರಡಕ್ಕೂ ಅಷ್ಟೇ ಚೆನ್ನ. ಆದರೆ ಪಕ್ಕದ ಬಾವಿಯನ್ನು ಎಷ್ಟು ದೂರದಲ್ಲಿ ಕೊರೆಯಬೇಕು ಎಂಬ ಪ್ರಶ್ನೆಗೆ ಇವು ಬೇರೆ ಬೇರೆ ಉತ್ತರ ಕೊಡುತ್ತವೆ. ಅದಕ್ಕೇ ದೊಡ್ಡ ಫ್ರ್ಯಾಕ್‌ಗೆ ಮುಂಚೆ ಸ್ವಲ್ಪ ನೀರು ಒತ್ತಿ, ಬಾವಿ ಮುಚ್ಚಿ, ಒತ್ತಡ ಇಳಿಯುವುದನ್ನು ಕೆಲವು ದಿನ ದಾಖಲಿಸಿ ಎಂದು ಪಟ್ಟು ಹಿಡಿಯುತ್ತೇನೆ. ಬಿರುಕು ಮುಚ್ಚಿಕೊಂಡ ನಂತರದ ಭಾಗದಿಂದ ಪರ್ಮಿಯಬಿಲಿಟಿಯನ್ನು ಬೇರೆಯಾಗಿ ಅಂದಾಜಿಸಬಹುದು. ಆ ಪರೀಕ್ಷೆ ಆಗಿರದಿದ್ದರೆ ವರದಿಯಲ್ಲಿ ಒಂದೇ ಉದ್ದ ಬರೆಯುವುದಿಲ್ಲ, ಎರಡೂ ಜೋಡಿಗಳ ಮುನ್ಸೂಚನೆಯನ್ನು ಅಕ್ಕಪಕ್ಕ ಇಡುತ್ತೇನೆ.