ಸುಗಂಧರಾಜದ ಪರ್ಫ್ಯೂಮ್ ಕೊಳ್ಳುವ ಮೊದಲು

ಹೂವಿನ ನಿಶ್ ಪರ್ಫ್ಯೂಮ್ (ಎಲ್ಲರಿಗೂ ಅಲ್ಲದೆ, ಬೇರೆ ಥರದ ಸುಗಂಧ ಹುಡುಕುವವರಿಗಾಗಿ ಮಾಡುವಂಥದ್ದು) ಬೇಕು ಅನ್ನುವವರು ಮೊದಲೇ ದೊಡ್ಡ ಬಾಟಲಿಗೆ ಕೈ ಹಾಕಬೇಡಿ. 2 ಎಂಎಲ್ ಸ್ಯಾಂಪಲ್ ತಂದು ಒಂದು ವಾರ ಹಾಕಿ ನೋಡಿ.

ನಾನು ಹಾಗೆ ತಂದದ್ದು ಫ್ರೆಡೆರಿಕ್ ಮಾಲ್ ಅನ್ನುವ ಫ್ರೆಂಚ್ ಪರ್ಫ್ಯೂಮ್ ಬ್ರ್ಯಾಂಡಿನ ಕಾರ್ನಲ್ ಫ್ಲವರ್. ಡೊಮಿನಿಕ್ ರೋಪಿಯಾನ್ ಮಾಡಿದ್ದು, 2005ರಲ್ಲಿ ಬಂತು. ಪೂರ್ತಿ ಸುಗಂಧರಾಜ. ನಮಗೆ ಈ ಹೂವು ಅಂದರೆ ಮದುವೆ ಹಾರ ಅಲ್ವಾ? ಅದೇ ವಾಸನೆ ಬರಬಹುದು ಅಂದುಕೊಂಡಿದ್ದೆ. ಆದರೆ ಮೊದಲ ಹತ್ತು ನಿಮಿಷ ನೀಲಗಿರಿ ಎಲೆ ಕಿವುಚಿದ ಹಾಗೆ ತಣ್ಣಗಿತ್ತು. ಆಗ ತಾನೇ ಮುರಿದ ಹೂವಿನ ದಂಟಿನ ಹಸಿ ವಾಸನೆ. ಆಮೇಲೆ ನಿಧಾನಕ್ಕೆ ಹೂವು ಬಿಚ್ಚಿಕೊಂಡಿತು. ಹಿಂದೆ ಎಲ್ಲೋ ತೆಂಗಿನ ಹಾಲಿನ ನುಣುಪು. ಸಂಜೆ ಮಣಿಕಟ್ಟು ಮೂಸಿದರೆ ಮುಡಿಯಿಂದ ತೆಗೆದಿಟ್ಟ ಹೂವಿನ ಮೆಲುವಾದ ಪರಿಮಳ. ನನಗೆ ತುಂಬಾ ಇಷ್ಟವಾದದ್ದು ಈ ಕೊನೆಯ ಹೊತ್ತು. ಅದಕ್ಕೇ ಹೇಳುವುದು, ಅಂಗಡಿಯಲ್ಲಿ ಕಾಗದದ ಪಟ್ಟಿ ಮೂಸಿ ಸುಮ್ನೆ ತೀರ್ಮಾನ ಮಾಡಬೇಡಿ.

ಒಂದೇ ಸ್ಪ್ರೇ ಸಾಕು. ಬಿಸಿಲಿನ ದಿನ ಇದು ಜಾಸ್ತಿ ಹರಡುತ್ತದೆ, ಎಸಿ ಬಸ್ಸಿನಲ್ಲಿ ಪಕ್ಕದವರಿಗೆ ಕಷ್ಟವಾಗಬಹುದು. ಚರ್ಮ ಒಣಗಿದ್ದರೆ ವಾಸನೆಯಿಲ್ಲದ ಕ್ರೀಮ್ ಸ್ವಲ್ಪ ಹಚ್ಚಿ, ಅದರ ಮೇಲೆ ಹಾಕಿ. ಹೆಚ್ಚು ಹೊತ್ತು ನಿಲ್ಲುತ್ತದೆ. ಮಣಿಕಟ್ಟು ಉಜ್ಜದೆ ತಾನಾಗಿ ಒಣಗಲು ಬಿಡಿ. ರೇಷ್ಮೆ ಸೀರೆಗೆ ಮಾತ್ರ ಸಿಂಪಡಿಸಬೇಡಿ, ಕಲೆ ಕೂತರೆ ಹೋಗುವುದು ಕಷ್ಟ. ಸೀರೆ ಉಡುವ ಮೊದಲೇ ಕತ್ತಿನ ಹಿಂದೆ ಹಾಕಿಕೊಳ್ಳಿ.