30 ಸೆಕೆಂಡಿಗೆ 250 ಅಕ್ಷರ: ವಾಯ್ಸ್ ಓವರ್‌ನಲ್ಲಿ ಆಗದ ಬೇಡಿಕೆ ಬಂದಾಗ ಏನು ಮಾಡಬೇಕು?

ಮುಂಬೈಯ ಏಜೆನ್ಸಿಯಿಂದ ಹಿಂದಿ ಜಾಹೀರಾತಿನ ಕನ್ನಡ ಸ್ಕ್ರಿಪ್ಟ್ ಬರುತ್ತದೆ. ಅವಧಿ 30 ಸೆಕೆಂಡು. ಜೊತೆಗೊಂದು ಸೂಚನೆ: ‘ಫುಲ್ ಎನರ್ಜಿ ಬೇಕು, ಆದ್ರೆ ಸಾಫ್ಟ್ ಆಗಿರ್ಲಿ. ನ್ಯಾಚುರಲ್ ಆಗಿರ್ಲಿ, ಬೇಸ್ ಕೂಡ ಇರ್ಲಿ.’ (ಬೇಸ್ ಅಂದರೆ ದನಿಯ ತಗ್ಗಿನ ಗಾಢತೆ.) ಓದಿ ನೋಡಿದರೆ 45 ಸೆಕೆಂಡು ಹಿಡಿಯುತ್ತದೆ. ವಾಯ್ಸ್ ಓವರ್‌ಗೆ, ಅಂದರೆ ಹಿನ್ನೆಲೆ ದನಿ ಕೊಡುವ ಕೆಲಸಕ್ಕೆ, ಹೊಸಬರಾದವರು ಒಂದೋ ಉಸಿರು ಬಿಗಿಹಿಡಿದು ಓದಿ ಕಳಿಸುತ್ತಾರೆ, ಇಲ್ಲವೇ ‘ಇದು ಆಗಲ್ಲ ಸರ್’ ಎಂದು ವಾದಕ್ಕೆ ಇಳಿಯುತ್ತಾರೆ. ಎರಡರಲ್ಲೂ ಮರುದಿನ ಮತ್ತೆ ಮೈಕ್ ಮುಂದೆ ಕೂರುವುದು ತಪ್ಪುವುದಿಲ್ಲ. ಕ್ಲೈಂಟ್ ಹೇಳಿದ್ದನ್ನು ಎಣಿಸಿ ತೋರಿಸಿ, ಎಣಿಸಲು ಬಾರದ್ದನ್ನು ಕೇಳಿಸಿ. ಮುಕ್ಕಾಲು ಪಾಲು ತಕರಾರು ಅಲ್ಲೇ ಕರಗುತ್ತದೆ.

ಮೊದಲು ಅಕ್ಷರ ಎಣಿಸಿ

ಪದಗಳ ಲೆಕ್ಕ ಕನ್ನಡಕ್ಕೆ ಒಗ್ಗುವುದಿಲ್ಲ. ವಿಭಕ್ತಿ, ಕಾಲ, ಬಹುವಚನ ಎಲ್ಲವೂ ಒಂದೇ ಪದಕ್ಕೆ ಅಂಟಿಕೊಳ್ಳುವುದರಿಂದ ಪದ ಕಡಿಮೆ, ಉದ್ದ ಹೆಚ್ಚು. ಮ್ಯೂಚುವಲ್ ಫಂಡ್ ಜಾಹೀರಾತಿನ ಎಚ್ಚರಿಕೆಯ ಸಾಲನ್ನೇ ನೋಡಿ. ಇಂಗ್ಲಿಷಿನಲ್ಲಿ ಅದು 14 ಪದ, ಉಚ್ಚಾರದಲ್ಲಿ 26 ಅಕ್ಷರ. ‘ಮ್ಯೂಚುವಲ್ ಫಂಡ್ ಹೂಡಿಕೆಗಳು ಮಾರುಕಟ್ಟೆ ಅಪಾಯಗಳಿಗೆ ಒಳಪಟ್ಟಿರುತ್ತವೆ, ಯೋಜನೆಗೆ ಸಂಬಂಧಿಸಿದ ಎಲ್ಲಾ ದಾಖಲೆಗಳನ್ನು ಎಚ್ಚರಿಕೆಯಿಂದ ಓದಿ’ ಎಂದು ಕನ್ನಡಕ್ಕೆ ತಂದರೆ 12 ಪದ, 51 ಅಕ್ಷರ! ಇಂಗ್ಲಿಷಿನ ಆ 14 ಪದದ ಸಾಲು ಕನಿಷ್ಠ 5 ಸೆಕೆಂಡು ಕೇಳಿಸಬೇಕು ಎಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಹೇಳಿದೆ. ಆ ಐದನ್ನೇ ಗರಿಷ್ಠ ಎಂದುಕೊಂಡ ಎಡಿಟರ್ ಕನ್ನಡಕ್ಕೂ 5 ಸೆಕೆಂಡಿನ ಜಾಗವನ್ನಷ್ಟೇ ಬಿಟ್ಟಿರುತ್ತಾನೆ. ಅಂದರೆ ಸೆಕೆಂಡಿಗೆ ಹತ್ತು ಅಕ್ಷರ. ಓದಬಹುದು, ಆದರೆ ಯಾರಿಗೂ ಅರ್ಥವಾಗುವುದಿಲ್ಲ.

ಎಣಿಕೆಯನ್ನು ಛಂದಸ್ಸಿನ ಪಾಠದಲ್ಲಿ ಕಲಿತಂತೆಯೇ ಮಾಡಿ. ಒತ್ತಕ್ಷರಕ್ಕೆ ಒಂದೇ ಲೆಕ್ಕ, ಅನುಸ್ವಾರಕ್ಕೆ ಬೇರೆ ಲೆಕ್ಕವಿಲ್ಲ, ಕೊನೆಯ ಅರ್ಧ ವ್ಯಂಜನ ಹಿಂದಿನ ಅಕ್ಷರಕ್ಕೆ ಸೇರುತ್ತದೆ. ‘ಫಂಡ್’ ಒಂದು, ‘ಸಂಬಂಧಿಸಿದ’ ಐದು. ಸಾಕ್ಷ್ಯಚಿತ್ರದ ನಿಧಾನದ ಓದಿಗೆ ಸೆಕೆಂಡಿಗೆ ಸುಮಾರು 5 ಅಕ್ಷರ, ಜಾಹೀರಾತಿಗೆ 6, ಚುರುಕಾದ ರೇಡಿಯೊ ಸ್ಪಾಟ್‌ಗೆ 7 ಎಂದು ಹಿಡಿಯಬಹುದು. ನಿಮ್ಮದೇ ವೇಗ ತಿಳಿಯಲು 300 ಅಕ್ಷರದ ಒಂದು ಭಾಗವನ್ನು ಮೂರು ಬಾರಿ ಓದಿ, ಸ್ಟಾಪ್‌ವಾಚ್ ಹಿಡಿದು ಸರಾಸರಿ ಬರೆದಿಟ್ಟುಕೊಳ್ಳಿ.

30 ಸೆಕೆಂಡಿನ ಸ್ಪಾಟ್‌ನಲ್ಲಿ ಮಾತಿಗೆ 30 ಸೆಕೆಂಡು ಸಿಗುವುದಿಲ್ಲ ಎಂಬುದನ್ನೂ ಮರೆಯಬೇಡಿ. ಕೊನೆಯ ಲೋಗೊ ಸಂಗೀತ, ಆರಂಭದ ಅರೆಕ್ಷಣ ಕಳೆದರೆ ಉಳಿಯುವುದು 26ರ ಆಸುಪಾಸು. 150 ಅಕ್ಷರ ಹಿತ, 170 ಬಿಗಿ, 250 ಆಗದ ಮಾತು. ಫೋನ್ ನಂಬರ್ ಇದ್ದರೆ ಇನ್ನೂ ಕಷ್ಟ. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಅಂಕಿ ಕನ್ನಡದಲ್ಲಿ 22 ಅಕ್ಷರ, ಇಂಗ್ಲಿಷಿನಲ್ಲಿ 12. ನಂಬರ್ ಎರಡು ಸಲ ಹೇಳಬೇಕೆಂದರೆ ಆರೇಳು ಸೆಕೆಂಡು ಅದಕ್ಕೇ ಹೋಯಿತು. ಒಂದೇ ಸಲ ಸಾಕೇ, ಇಂಗ್ಲಿಷ್ ಅಂಕಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿ.

ಎಣಿಸಿದ ಮೇಲೆ ಹೀಗೆ ಬರೆಯಿರಿ: ‘ಸರ್, ಸ್ಕ್ರಿಪ್ಟ್ 250 ಅಕ್ಷರ ಇದೆ. ಜಾಹೀರಾತಿನ ಓದಿಗೆ 42 ಸೆಕೆಂಡು, ಉಸಿರಿನ ಜಾಗ ಬೇರೆ. 160 ಅಕ್ಷರದ ಒಂದು ಆವೃತ್ತಿ ಜೊತೆಗಿದೆ. ಕತ್ತರಿಸಿದ್ದನ್ನು ಗುರುತು ಮಾಡಿದ್ದೇನೆ. ಇದು ಓಕೆನಾ, ಅಥವಾ ನೀವೇ ತಿದ್ದಿ ಕಳಿಸ್ತೀರಾ?’ ಕೆಳಗೆ ಮೊಬೈಲಿನಲ್ಲೇ ಓದಿದ ಒರಟು ರೆಕಾರ್ಡಿಂಗ್ ಇರಲಿ. ಬರೀ ದೂರಿಗೆ ಉತ್ತರ ಬರುವುದು ತಡ. ತಿದ್ದಿದ ಸ್ಕ್ರಿಪ್ಟ್‌ಗೆ ಬೇಗ ಬರುತ್ತದೆ.

ಎಲ್ಲಿ ಕತ್ತರಿಸಬೇಕು?

ಅನುವಾದದ ಸ್ಕ್ರಿಪ್ಟ್‌ಗಳಲ್ಲಿ ಕೊಬ್ಬೆಲ್ಲ ಇರುವುದು ಕ್ರಿಯಾಪದ ಮತ್ತು ವಿಶೇಷಣಗಳಲ್ಲಿ. ‘ಪಡೆದುಕೊಳ್ಳಬಹುದಾಗಿದೆ’ ಹತ್ತು ಅಕ್ಷರ, ‘ಸಿಗುತ್ತೆ’ ಮೂರು. ‘ನಿಮ್ಮ ಮನೆಯ ಎಲ್ಲಾ ಸದಸ್ಯರಿಗೂ ಅತ್ಯುತ್ತಮವಾದ ಗುಣಮಟ್ಟವನ್ನು ಒದಗಿಸುತ್ತದೆ’ ಎಂಬುದು 30. ‘ಮನೆಮಂದಿಗೆಲ್ಲ ಒಳ್ಳೆಯ ಗುಣಮಟ್ಟ’ 13. ಬ್ರ್ಯಾಂಡ್ ಹೆಸರು, ಬೆಲೆ, ಷರತ್ತು, ಕಾನೂನಿನ ಎಚ್ಚರಿಕೆ ಇವುಗಳಿಗೆ ಮಾತ್ರ ನೀವಾಗಿ ಕೈ ಹಚ್ಚಬೇಡಿ.

ತೆರೆಯ ಮೇಲಿನ ತುಟಿಗೆ ಹೊಂದಿಸಬೇಕಾದ ಸಾಲಾದರೆ ಅಕ್ಷರ ಎಣಿಕೆಯ ಜೊತೆಗೆ ಪ, ಬ, ಮ ಎಲ್ಲಿ ಬರುತ್ತವೆ ನೋಡಿ. ಆ ಅಕ್ಷರಗಳಲ್ಲಿ ತುಟಿ ಮುಚ್ಚುವುದರಿಂದ ತಪ್ಪಿದರೆ ಯಾರಿಗೂ ಕಾಣುತ್ತದೆ. ಹಿಂದಿಯ ‘ಪೂರೇ ದಸ್ ಸಾಲ್ ಕೀ ವಾರಂಟಿ’ಗೆ (8) ‘ಹತ್ತು ವರ್ಷಗಳ ಸಂಪೂರ್ಣ ವಾರಂಟಿ’ (12) ಕೂರುವುದಿಲ್ಲ. ‘ಪೂರ್ತಿ ಹತ್ತು ವರ್ಷ ವಾರಂಟಿ’ (9) ಕೂರುತ್ತದೆ, ಶುರುವಿನ ಪಕಾರವೂ ಸರಿಹೊಂದುತ್ತದೆ.

‘ನೀವು ಓದಿ, ನಾವು ಸ್ಪೀಡ್ ಮಾಡ್ಕೋತೀವಿ’ ಎನ್ನುವವರಿದ್ದಾರೆ. ಸಾಫ್ಟ್‌ವೇರಿನಲ್ಲಿ ಶೇ 5ರವರೆಗೆ ಎಳೆದರೂ ಒತ್ತಿದರೂ ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ. ಶೇ 10 ದಾಟಿದರೆ ಮಾತು ತೊಡರುತ್ತದೆ. ವೇಗ ಹೆಚ್ಚಿದಂತೆ ಒತ್ತು ಸವೆಯುವುದು ಕನ್ನಡದ ತಾಪತ್ರಯ, ಕತ್ತೆ ಕತೆಯಾಗಿಬಿಡುತ್ತದೆ.

ಸೂಚನೆಯನ್ನು ಒಡೆದು ನೋಡಿ

‘ಎನರ್ಜಿ’, ‘ಫೀಲ್’, ‘ಪಂಚ್’ ಇವು ಕ್ಲೈಂಟಿನ ಆಸೆಗಳು; ಅವನ್ನು ನಿಮ್ಮ ಕೈಲಿರುವ ಐದು ಸಂಗತಿಗಳಿಗೆ ಇಳಿಸಬೇಕು: ವೇಗ, ದನಿಯ ಗಟ್ಟಿತನ, ಏರಿಳಿತ, ನಿಲುಗಡೆ, ಮೈಕಿನಿಂದ ದೂರ. ‘ಎನರ್ಜಿ ಇರಲಿ, ಸಾಫ್ಟ್ ಆಗಿರಲಿ’ ಎಂಬುದು ವಿರೋಧಾಭಾಸದಂತೆ ಕೇಳಿದರೂ ಸಾಧ್ಯವಿದೆ. ಮೈಕಿಗೆ 8–10 ಸೆಂ.ಮೀ. ಹತ್ತಿರ ಬನ್ನಿ, ದನಿ ತಗ್ಗಿಸಿ, ಪದಗಳ ಮೊದಲ ಅಕ್ಷರವನ್ನು ಮಾತ್ರ ಚುರುಕಾಗಿ ಎತ್ತಿಕೊಳ್ಳಿ, ನಿಲುಗಡೆ ಚಿಕ್ಕದು ಮಾಡಿ. ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯಲು ಮೈಕಿನ ಮುಂದೆ ಇಡುವ ಜಾಲರಿ) ಇಲ್ಲದೆ ಇಷ್ಟು ಹತ್ತಿರ ಹೋದರೆ ಪ, ಭಗಳು ಗುದ್ದುತ್ತವೆ.

‘ಬೇಸ್’ ಕೇಳಿದಾಗ ಮೊದಲ ಪ್ರಶ್ನೆ: ‘ಯಾವುದರಲ್ಲಿ ಕೇಳ್ತಿದ್ದೀರಿ ಸರ್?’ ಮೊಬೈಲಿನ ಸಣ್ಣ ಸ್ಪೀಕರ್‌ಗೆ ತಗ್ಗಿನ ಸ್ವರ ಹೊರಡಿಸುವ ಶಕ್ತಿಯೇ ಇಲ್ಲ. ನೀವು ಎಷ್ಟು ಕೆಳಗಿಳಿದು ಓದಿದರೂ ಅಲ್ಲಿ ತೆಳ್ಳಗೇ ಕೇಳುತ್ತದೆ. ಇಯರ್‌ಫೋನ್ ಹಾಕಿ ಕೇಳಲು ಹೇಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಆಡಿಯೊ ಎಂದು ಹಾಕದೆ ಡಾಕ್ಯುಮೆಂಟ್ ಎಂದು ಲಗತ್ತಿಸಿ, ಫೈಲ್ ಕುಗ್ಗುವುದಿಲ್ಲ. ಗಂಟಲನ್ನು ಒತ್ತಿ ಕೃತಕವಾಗಿ ದಪ್ಪ ಮಾಡಿಕೊಂಡ ದನಿಯನ್ನು ಹತ್ತನೆಯ ಟೇಕ್‌ನಲ್ಲಿ ಮತ್ತೆ ತರಲಾಗುವುದಿಲ್ಲ. ಕಾರ್ಡಿಯಾಯ್ಡ್ ಮೈಕ್ (ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವಂಥದ್ದು) ಹತ್ತಿರ ಹೋದಷ್ಟೂ ತಗ್ಗಿನ ಸ್ವರವನ್ನು ತಾನೇ ಹೆಚ್ಚಿಸುತ್ತದೆ. ಆ ಕೆಲಸ ಅದಕ್ಕೇ ಬಿಡಿ.

‘ಉತ್ತರ ಕರ್ನಾಟಕದ ಟಚ್ ಬೇಕು’ ಎಂದಾಗ ಸ್ಕ್ರಿಪ್ಟ್ ಬೆಂಗಳೂರಿನದೇ ಇದ್ದು ಕೊನೆಗೊಂದು ‘ರೀ’ ಅಂಟಿಸಿದ್ದರೆ ಹುಬ್ಬಳ್ಳಿ, ಬೆಳಗಾವಿಯವರು ನಗುತ್ತಾರೆ. ಆ ಕಡೆಯವರಿಂದಲೇ ಬರೆಸಲು ಹೇಳಿ, ಅಥವಾ ಕೆಲಸವನ್ನು ಆ ಕಡೆಯ ಕಲಾವಿದರಿಗೆ ಬಿಟ್ಟುಕೊಡಿ.

ಮೂರು ಟೇಕ್ ಕಳಿಸಿ

ಎ: ಸ್ಕ್ರಿಪ್ಟ್ ಬೇಡುವ ಓದು. ಬಿ: ಅವರು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದು. ಸಿ: ನಡುವಿನದು. ಬಿ ಟೇಕನ್ನು ಬೇಕೆಂದೇ ಕೆಡಿಸಬೇಡಿ. ಅದೇ ಆಯ್ಕೆಯಾಗುವುದುಂಟು, ಕೆಲವೊಮ್ಮೆ ಅದೇ ಚೆನ್ನಾಗಿಯೂ ಇರುತ್ತದೆ. ಮೂರಕ್ಕಿಂತ ಹೆಚ್ಚು ಕಳಿಸಿದರೆ ‘ಒಂದರ ಶುರು, ಇನ್ನೊಂದರ ಕೊನೆ’ ಎಂಬ ಬೇಡಿಕೆ ಬರುತ್ತದೆ. ಮರುಪ್ರಶ್ನೆ ‘ಹೇಗಿದೆ?’ ಎಂದಿರಬಾರದು. ‘ಸಿ ಟೇಕ್‌ಗಿಂತ ವೇಗ ಹೆಚ್ಚು ಬೇಕಾ, ಕಡಿಮೆನಾ? ಯಾವ ಸೆಕೆಂಡಿನಲ್ಲಿ?’ ಎಂದು ಕೇಳಿ.

ಲೈವ್ ಸೆಷನ್‌ನಲ್ಲಿ ಏಜೆನ್ಸಿಯವರು, ಬ್ರ್ಯಾಂಡ್‌ನವರು, ಎಡಿಟರ್ ಎಲ್ಲರೂ ಮಾತಾಡುತ್ತಾರೆ. ಸೂಚನೆ ಒಬ್ಬರಿಂದಲೇ ಬರಲಿ, ಕನ್ನಡ ಬಲ್ಲವರೊಬ್ಬರು ಕಾಲ್‌ನಲ್ಲಿರಲಿ ಎಂದು ಹಿಂದಿನ ದಿನವೇ ತಿಳಿಸಿ. ಬ್ರ್ಯಾಂಡ್ ಹೆಸರಿನ ಉಚ್ಚಾರವನ್ನು ಅವರ ದನಿಯಲ್ಲೇ ತರಿಸಿಕೊಳ್ಳಿ. ಕೂಗುವ ಸಾಲುಗಳನ್ನು ಕೊನೆಗಿಡಿ; ಗಂಟಲು ಕರಕರ ಎಂದ ಮೇಲೆ ಉಳಿದ ಸಾಲು ಹಾಳು.

ಹಣದ ಮಾತು, ಒಪ್ಪಬಾರದ ಮಾತು

ರೆಕಾರ್ಡಿಂಗ್‌ಗೆ ಮೊದಲು ಬರಹದಲ್ಲಿರಬೇಕಾದದ್ದು: ನನ್ನ ತಪ್ಪಿನ ತಿದ್ದುಪಡಿ ಉಚಿತ, ಓದಿನ ಶೈಲಿಯ ಬದಲಾವಣೆ ಒಂದು ಸುತ್ತು ಉಚಿತ, ಒಪ್ಪಿಗೆಯಾದ ಸ್ಕ್ರಿಪ್ಟ್ ಬದಲಾದರೆ ಹೊಸ ದರ. 10, 20 ಸೆಕೆಂಡಿನ ಕಟ್‌ಗಳು (ಅದೇ ಜಾಹೀರಾತಿನ ಚಿಕ್ಕ ಆವೃತ್ತಿಗಳು), ಯಾವ ಮಾಧ್ಯಮ, ಎಷ್ಟು ತಿಂಗಳು ಎಂಬುದೂ ಅಲ್ಲೇ ಇರಲಿ.

‘ಆ ಹೀರೊ ಥರಾನೇ ಕೇಳಿಸ್ಬೇಕು’ ಎಂದರೆ ಮಾತ್ರ ನಯವಾಗಿ ನಿರಾಕರಿಸಿ. ಅಮಿತಾಭ್ ಬಚ್ಚನ್ ಅವರ ಹೆಸರು, ಚಿತ್ರ, ದನಿಯನ್ನು ಅನುಮತಿಯಿಲ್ಲದೆ ಬಳಸದಂತೆ ದೆಹಲಿ ಹೈಕೋರ್ಟ್ 2022ರ ನವೆಂಬರ್‌ನಲ್ಲಿ ತಡೆ ನೀಡಿತು. ಗಾಯಕ ಅರಿಜಿತ್ ಸಿಂಗ್ ದನಿಯ ಎಐ ನಕಲಿನ ವಿರುದ್ಧ ಬಾಂಬೆ ಹೈಕೋರ್ಟ್ 2024ರ ಜುಲೈಯಲ್ಲಿ ಮಧ್ಯಂತರ ರಕ್ಷಣೆ ಕೊಟ್ಟಿತು. ಅನುಕರಿಸಿದವರೂ ತೊಂದರೆಗೆ ಸಿಗಬಹುದು. ಆ ನಟನ ಓದಿನಲ್ಲಿ ಇಷ್ಟವಾದದ್ದೇನು, ನಿಧಾನವೋ ಗತ್ತೋ ಎಂದು ಕೇಳಿ ಅಷ್ಟನ್ನು ನಿಮ್ಮ ದನಿಯಲ್ಲಿ ಕೊಡಿ. ನಿಮ್ಮ ಕರಾರಿಗೂ ‘ಈ ಧ್ವನಿಯನ್ನು ಎಐ ತರಬೇತಿಗೆ, ಕ್ಲೋನಿಂಗ್‌ಗೆ ಬಳಸುವಂತಿಲ್ಲ’ ಎಂಬ ಸಾಲು ಸೇರಿಸಿ.

ಒಪ್ಪಿಗೆ ಬಂದೊಡನೆ ಫೈಲ್ ಅಳಿಸಬೇಡಿ. ಬೆಲೆ ಬದಲಾಯಿತೆಂದು ತಿಂಗಳ ನಂತರ ಒಂದೇ ಸಾಲು ಮತ್ತೆ ಕೇಳುತ್ತಾರೆ. 48 ಕಿಲೊಹರ್ಟ್ಸ್, 24 ಬಿಟ್ ವೇವ್ (WAV) ಫೈಲಿನ ಕಚ್ಚಾ ಟೇಕ್, ಕೋಣೆಯ ಮೌನದ 10 ಸೆಕೆಂಡು, ಮೈಕಿನ ದೂರ, ಗೇನ್ (ರೆಕಾರ್ಡಿಂಗ್ ಮಟ್ಟ) ಎಷ್ಟರಲ್ಲಿತ್ತು, ಬೆಳಗಿನ ದನಿಯೋ ಸಂಜೆಯದೋ, ಇಷ್ಟನ್ನೂ ಅದೇ ಫೋಲ್ಡರ್‌ನಲ್ಲಿ ಇಡಿ.