ಕಾಂಪೌಂಡ್ ಗೋಡೆಯ ಗೀಚುಬರಹ: ಅಳಿಸಲು ತಡಮಾಡಬೇಡಿ

ತುಮಕೂರಿನ ನಮ್ಮ ಬಡಾವಣೆಯ ನಿವಾಸಿಗಳ ಗಮನಕ್ಕೆ: ಗೋಡೆಯ ಮೇಲೆ ಯಾರಾದರೂ ಸ್ಪ್ರೇ ಬಣ್ಣದಲ್ಲಿ ಗೀಚಿದ್ದರೆ ಮೊದಲು ಫೋಟೊ ತೆಗೆದಿಟ್ಟುಕೊಂಡು, ಒಂದೆರಡು ದಿನಗಳೊಳಗೆ ಅದನ್ನು ಅಳಿಸಿಬಿಡುವುದು ಒಳ್ಳೆಯದು, ಏಕೆಂದರೆ ಹಾಗೆಯೇ ಬಿಟ್ಟ ಒಂದು ಹೆಸರಿನ ಪಕ್ಕದಲ್ಲಿ ಇನ್ನೊಂದು ಹೆಸರು ಬಂದು ಕೂರಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಬರೀ ಸುಣ್ಣ ಬಳಿದರೆ ಸಾಲದು, ಒಣಗಿದ ಮೇಲೆ ಅಕ್ಷರಗಳು ಮತ್ತೆ ಇಣುಕುತ್ತವೆ (ನಮ್ಮ ಗೇಟಿನ ಪಕ್ಕದ ‘ಐ ಲವ್ ಯೂ’ ಮೂರು ಸಲ ಇಣುಕಿತು). ಪ್ರೈಮರ್ ಹಚ್ಚಿ, ಅದು ಒಣಗಿದ ನಂತರ ಗೋಡೆಯದೇ ಬಣ್ಣವನ್ನು ಬಳಿಯಬೇಕು. ಆದ್ದರಿಂದ ಪೇಂಟ್ ಮಾಡಿಸಿದಾಗ ಉಳಿದ ಡಬ್ಬಿಯನ್ನು ಎಸೆಯದೆ ಮುಚ್ಚಳ ಬಿಗಿದು ಇಟ್ಟುಕೊಳ್ಳಿ. ಬೀದಿದೀಪ ಉರಿಯದ ತಿರುವುಗಳಿದ್ದರೆ ಕಂಬದ ಸಂಖ್ಯೆಯನ್ನು ಗುರುತು ಮಾಡಿಕೊಂಡು ಮಹಾನಗರ ಪಾಲಿಕೆಗೆ ದೂರು ಕೊಡಿ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು 1981ರ ರಾಜ್ಯ ಕಾಯ್ದೆಯೇ ಇದೆಯಾದರೂ, ಗೀಚಿದವರು ನಮ್ಮ ಬೀದಿಯ ಹುಡುಗರೇ ಆಗಿದ್ದರೆ ಮೊದಲು ಹೆತ್ತವರಿಗೆ ತಿಳಿಸಿ, ಆ ಹುಡುಗರ ಕೈಯಿಂದಲೇ ಆ ಗೋಡೆಗೆ ಬಣ್ಣ ಹೊಡೆಸುವುದು ಹೆಚ್ಚು ಫಲ ಕೊಡುತ್ತದೆಂದು ನನ್ನ ಅಭಿಪ್ರಾಯ.